ಎರಡು ಕಡೆಯ ವೀಳ್ಯ

“ಯಶೋದಮ್ಮ, ನಿಮ್ ಹೆಂಗಸ್ರನ್ನ ನಮ್ ಜಮಖಾನೆ ಮ್ಯಾಲೆ ಕುಂಡ್ರುಸ್ರಿ,” ಎಂದ ಹೆಣ್ಣಿನ ಅಪ್ಪ ಉಗ್ರಪ್ಪ.

“ಅದ್ಹೆಂಗಾತದೆ? ಅವ್ರು ನಮ್ ಕಡೇರು!” ಎಂದ ಗಂಡಿನ ಸೋದರಮಾವ ಕಾಟಯ್ಯ.

ಹೊಳಲ್ಕೆರೆಯ ಛತ್ರದಲ್ಲಿ, ಎರಡು ಜಮಖಾನೆಗಳ ನಡುವಿನ ಖಾಲಿ ನೆಲದ ಮೇಲೆ ಸೋಬಾನೆ ತಂಡದ ಯಜಮಾನಿ ಯಶೋದಾ ನಿಂತಿದ್ದಳು. ಪದ ಹಾಡುವವರು ವೀಳ್ಯ ಹಿಡಿದರೆ ಮಾತು ಕೊಟ್ಟಂತೆ. ಹಿಂದಕ್ಕೆ ಕೊಡುವ ಹಾಗಿಲ್ಲ. ಉಗ್ರಪ್ಪ ಹಿರೇಗುಂಟನೂರಿನಿಂದ ಬಂದು ಎಲೆಅಡಿಕೆ ಕೊಟ್ಟು ಹೋಗಿದ್ದ. ಆಮೇಲೆ ಹೊಸದುರ್ಗದ ಕಾಟಯ್ಯ ಬಂದು ಅದೇ ದಿನ, ಅದೇ ಛತ್ರ ಎಂದು ಎಲೆಅಡಿಕೆ ನೀಡಿದಾಗ ಯಶೋದಾಳ ಒಂದು ಕಣ್ಣು ಒಲೆಯ ಮೇಲಿನ ಹಾಲಿನಲ್ಲಿತ್ತು. ಒಂದೇ ಮನೆಯವರು, ಮರ್ಯಾದೆಗೆ ಇನ್ನೊಂದು ಸಲ ಬಂದಿದ್ದಾರೆ ಎಂದುಕೊಂಡು ಅದನ್ನೂ ಸೆರಗಿಗೆ ಹಾಕಿಕೊಂಡಿದ್ದಳು. ಒಂದೇ ಮನೆಯವರಲ್ಲ, ಬೀಗರು ಎಂಬುದು ಈಗ ಗೊತ್ತಾಗಿತ್ತು. ಅವತ್ತು ಹಾಲೂ ಉಕ್ಕಿತ್ತು.

ಧಾರೆಯ ಹಾಡು, ಆರತಿ ಹಾಡು ಹೇಗೋ ಮುಗಿದಿದ್ದವು. ಉಳಿದದ್ದು ಊಟದ ಹೊತ್ತಿನ ಬೀಗರ ಪದ. ಹೆಣ್ಣಿನ ಕಡೆಯವರು ಗಂಡಿನವರ ಮೂಗು, ಮೀಸೆ, ಹೊಟ್ಟೆಯನ್ನೆಲ್ಲ ಹಾಡಿ ಆಡಿಕೊಳ್ಳಬೇಕು. ಗಂಡಿನ ಕಡೆಯವರು ಅದಕ್ಕೆ ಸವಾಸೇರು ಜವಾಬು ಕೊಡಬೇಕು. ತಂಡವನ್ನು ಎರಡು ಭಾಗ ಮಾಡುವುದೊಂದೇ ದಾರಿ.

ಯಶೋದಾಳಿಗೆ ಭಯವಿದ್ದದ್ದೂ ಅದಕ್ಕೇ. ಹೋದ ತಿಂಗಳು ತಂಡದ ಫ್ಲೆಕ್ಸ್ ಮಾಡಿಸಲು ಫೋಟೊ ತೆಗೆಸಿದಾಗ ಹಾಡುಗಾರ್ತಿ ಹೇಮಾವತಿ ಮುಂದೆ ನಿಂತು ನಕ್ಕಿದ್ದಳು. ಅವಳ ಮುಡಿಯ ಹಿಂದೆ, ಎಲ್ಲರಿಗಿಂತ ಹಿರಿಯಳಾದ ಮುದ್ದಕ್ಕನ ಅರ್ಧ ಮುಖ ಮಾತ್ರ ಬಿದ್ದಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಇಬ್ಬರ ಮನೆಗೂ ಅಲೆದು ಯಶೋದಾಳ ಚಪ್ಪಲಿ ಸವೆದದ್ದಷ್ಟೇ ಬಂತು. “ವೀಳ್ಯ ಹಿಡದೀಯ ಅಂತ ಈ ಮದ್ವೆಗೆ ಬತ್ತೀನಿ. ಇದಾದ್ಮ್ಯಾಲೆ ನಿನ್ ತಂಡಾನೂ ಬ್ಯಾಡ, ನಿನ್ ಪ್ಲೆಕ್ಸೂ ಬ್ಯಾಡ,” ಎಂದು ಮುದ್ದಕ್ಕ ಬೆಳಿಗ್ಗೆ ಟೆಂಪೊ ಹತ್ತುವಾಗಲೇ ಹೇಳಿದ್ದಳು. ಮುದ್ದಕ್ಕ ಹೋದರೆ ಪದಗಳೂ ಅವಳ ಹಿಂದೆಯೇ ಹೋಗುತ್ತಿದ್ದವು. ತಂಡಕ್ಕೆ ಉಳಿಯುವುದು ಫ್ಲೆಕ್ಸ್ ಒಂದೇ.

“ಮುದ್ದಕ್ಕ, ನೀನು ಹೆಣ್ಣಿನ ಕಡೆ ಕುಂತ್ಕ. ಹೇಮಾ, ನೀನು ಗಂಡಿನ ಕಡೆ. ಬೀಗರ್ನ ಮಾತ್ರ ಬೈರಿ. ನಿಮ್ ನಿಮ್ ವಿಷ್ಯ ಬ್ಯಾಡ, ಕೈ ಮುಗೀತೀನಿ.”

“ನಮ್ದೇನೈತೆ ವಿಷ್ಯ, ಬಿಡವ್ವ,” ಎಂದು ಮುದ್ದಕ್ಕ ಗಂಟಲು ಸರಿಮಾಡಿಕೊಂಡಳು.

ಅವಳ ಮೊದಲ ನುಡಿ ಮದುಮಗನ ಮೀಸೆಗೆ ಹೋಯಿತು. ಇನ್ನೊಂದು ಕಾಟಯ್ಯನ ಹೊಟ್ಟೆಗೆ. ಮುಂದಿನದು ಎದುರಿನ ಜಮಖಾನೆಗೆ ನೇರವಾಗಿ ಬಂತು:

“ಗಂಡಿನೋರ ಕಡೆಯ ಚೆಲುವೆ ಬಂದಾಳೋ,
ಫ್ಲೆಕ್ಸಿನಾಗೆ ಮುಂದೆ ನಿಂತು ಹಲ್ಲು ಕಿಸಿದಾಳೋ,
ಹಾಡು ಅಂದರೆ ಮಾತ್ರ ಹಿಂದೆ ಅಡಗ್ಯಾಳೋ!”

ಹೇಮಾವತಿ ಅಡಗಲಿಲ್ಲ. ಸೆರಗು ಸಿಕ್ಕಿಸಿ ಎದ್ದೇ ನಿಂತಳು:

“ಅರ್ಧ ಮುಖವೇ ಬಂತಂತೆ ನಮ್ಮ ಬೀಗಿತಿಗೆ,
ಇನ್ನರ್ಧ ಹಿಡಿಸಲಿಲ್ಲ ಹೋಬಳಿ ಅಗಲಕ್ಕೂ,
ಮೂಗೊಂದೆ ಸಾಕಾತು ಛತ್ರದ ಬಾಗಿಲಿಗೆ!”

ಛತ್ರ ಘೊಳ್ಳೆಂದಿತು. ಸಾರಿನ ಬಕೆಟ್ಟು ಹಿಡಿದವರು ಬಡಿಸುವುದು ಬಿಟ್ಟು ನಿಂತರು. ಎಲೆಯ ಮುಂದೆ ಕೂತಿದ್ದವರು ಎದ್ದು ಬಂದರು. ಮದುವೆ ಊಟದಲ್ಲಿ ಎಲೆ ಬಿಟ್ಟು ಏಳುವ ಜನರನ್ನು ಯಶೋದಾ ಕಂಡಿರಲಿಲ್ಲ. “ಸಾಕ್ರವ್ವ, ಸಾಕು!” ಎಂದು ಅವಳು ನಡುವೆ ಹೋಗಿ ಎರಡೂ ಕೈ ಚಾಚಿದಳು. ಮುದ್ದಕ್ಕನ ಕಣ್ಣು ಅವಳ ಮೇಲೆ ಬಿತ್ತು:

“ಇತ್ತಲಿಂದೊಂದು ವೀಳ್ಯ, ಅತ್ತಲಿಂದೊಂದು ವೀಳ್ಯ,
ಎಲ್ಡು ದವಡ್ಯಾಗು ಇಟ್ಟಾಳೆ ಯಶೋದಿ,
ಉಗುಳಂಗು ಇಲ್ಲವ್ವ, ನುಂಗಂಗು ಇಲ್ಲ!”

“ಸೋ ಎನ್ನಿರೇ!” ಎಂದು ದನಿಗೂಡಿಸಿದವಳು ಹೇಮಾವತಿ. ತಾನು ಗಂಡಿನ ಕಡೆಯವಳೆಂಬುದು ಅವಳಿಗೆ ಮರೆತೇಹೋಗಿತ್ತು.

ಹೊರಡುವಾಗ ಉಗ್ರಪ್ಪ ಟೆಂಪೊವರೆಗೂ ಬಂದ. “ಎಂಥಾ ಜಗಳ ಕಟ್ಟಿದ್ರವ್ವ! ಎಷ್ಟು ದಿನದ ತಾಲೀಮು?”

“ಒಂದು ತಿಂಗ್ಳಾತು,” ಎಂದಳು ಯಶೋದಾ. ಅದು ನಿಜವೂ ಆಗಿತ್ತು.

ಟೆಂಪೊದಲ್ಲಿ ಅವಳು ಇಬ್ಬರ ನಡುವೆ ಕೂತಳು.

“ತಂಡ ಬಿಡ್ತೀನಿ ಅಂದಿದ್ನಲ್ಲ,” ಎಂದಳು ಮುದ್ದಕ್ಕ ಊರು ದಾಟಿದ ಮೇಲೆ, “ಒಂದೆಲ್ಡು ನುಡಿ ಬಾಯಾಗೇ ಉಳ್ಕಂಡವೆ. ಅವ್ನ ಹಾಡಿ ಬಿಡ್ತೀನಿ.”

“ಆವಮ್ಮಂಗೆ ಹೇಳು ಯಶೋದಕ್ಕ,” ಎಂದಳು ಹೇಮಾವತಿ ಕಿಟಕಿಯ ಕಡೆ ನೋಡುತ್ತಾ, “ನನ್ ಹತ್ರ ನಾಕು ಅವೆ.”

ಯಶೋದಾಳ ಫೋನು ಬಡಿದುಕೊಂಡಿತು. ಮದುವೆಗೆ ಬಂದಿದ್ದ ಹಿರಿಯೂರಿನವರು ಯಾರೋ. “ಯಶೋದಮ್ಮಾರೆ, ನಮ್ ಮಗಳ ಮದ್ವೆಗೂ ಅವರಿಬ್ರನ್ನೇ ಕರ್ಕಂಡು ಬರ್ರಿ. ಬ್ಯಾರೆ ಯಾರೂ ಬ್ಯಾಡ. ಅವರಿಬ್ರೂ ರಾಜಿ ಆಗಿಲ್ಲ ತಾನೆ?”

ಯಶೋದಾ ತಲೆ ತಗ್ಗಿಸಿ ನೋಡಿದಳು. ಮುದ್ದಕ್ಕ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಚಿ, ಯಶೋದಾಳ ಮಡಿಲ ಮೇಲಿಂದ ಮೆಲ್ಲಗೆ ಆಚೆ ನೀಡುತ್ತಿದ್ದಳು. ಕಿಟಕಿ ನೋಡುತ್ತಿದ್ದ ಹೇಮಾವತಿಯ ಕೈ ಈಚೆ ಬರುತ್ತಿತ್ತು.

“ಇಲ್ರಿ,” ಎನ್ನುತ್ತಾ ಯಶೋದಾ ಆ ವೀಳ್ಯವನ್ನು ನಡುವಿನಲ್ಲೇ ಕಸಿದುಕೊಂಡಳು. “ದೇವ್ರ ದಯೆ, ಇನ್ನೂ ಆಗಿಲ್ಲ,” ಎಂದು ಅದನ್ನು ತನ್ನ ಬಾಯಿಗೇ ತುರುಕಿಕೊಂಡಳು.