ಗೋಡೆಯೊಳಗಿನ ತೇವ

ಪಂಪನ್ನು ನಿಲ್ಲಿಸಿದ ಕೂಡಲೇ ಮಾಪಕದ ಮುಳ್ಳು ಮತ್ತೆ ಏರತೊಡಗಿತು. ಅಣ್ಣನ ಮನೆಗೆ ಎಸಿ ಕೂರಿಸಲು ಬಂದಿದ್ದ ತಮ್ಮ ಕುಕ್ಕುರುಗಾಲಿನಲ್ಲಿ ಕುಳಿತು ಅದನ್ನೇ ದಿಟ್ಟಿಸಿದ. ಗೋಡೆಯೊಳಗಿನ ತಾಮ್ರದ ಪೈಪಿನಿಂದ ಗಾಳಿಯನ್ನೂ ತೇವವನ್ನೂ ಪೂರ್ತಿ ಹೀರಿ ತೆಗೆಯದೆ ಗ್ಯಾಸು ಬಿಡುವಂತಿಲ್ಲ. ಬಿಟ್ಟರೆ ಯಂತ್ರ ಹೆಚ್ಚು ದಿನ ಬಾಳದು. ಬೆಳಗಿನಿಂದ ಹೀರುತ್ತಲೇ ಇದ್ದರೂ ಮುಳ್ಳು ತಳದಲ್ಲಿ ನಿಲ್ಲಲೊಲ್ಲದು.

"ಎಲ್ಲಾದ್ರೂ ಸೋರ್ತಿದೆಯೇನೋ?" ತೊಟ್ಟಿಲಿನ ಪಕ್ಕದಿಂದ ಅತ್ತಿಗೆ ಕೇಳಿದಳು. ಬೆವರುಸಾಲೆಯಿಂದ ಮೈಯೆಲ್ಲ ಕೆಂಪಾಗಿದ್ದ ಮಗು ಅತ್ತು ಅತ್ತು ಈಗಷ್ಟೇ ನಿದ್ದೆಹೋಗಿತ್ತು. ಕೋಣೆ ತಂಪಾಗದೆ ಅದಕ್ಕೆ ಬಿಡುಗಡೆಯಿರಲಿಲ್ಲ.

"ಸೋರಿದ್ರೆ ಮುಳ್ಳು ಏರ್ತಾನೇ ಹೋಗ್ಬೇಕು ಅತ್ತಿಗೆ. ಇದು ಅರ್ಧಕ್ಕೆ ಬಂದು ನಿಲ್ತಿದೆ. ಒಳಗೆ ತೇವ ಇದೆ. ಅಣ್ಣನದೇ ಕೆಲಸ. ಊದಿಬಿಟ್ಟಿದಾನೆ!"

ಅತ್ತಿಗೆಗೆ ನಗು ಬಂತು. ಅಣ್ಣನೂ ಇದೇ ಕಸುಬಿನವನು. ಪೈಪಿನಲ್ಲಿ ಏನೂ ಸಿಕ್ಕಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಲು ಎರಡು ಸಲ ಸಣ್ಣಗೆ ಕೆಮ್ಮಿ, ಬಾಯಿಟ್ಟು, ಒಂದೇ ಉಸಿರಿಗೆ ಉದ್ದಕ್ಕೆ ಊದುವುದು ಅವನ ಚಾಳಿ. ಬಾಯಿಯ ತೇವ ಯಂತ್ರಕ್ಕೆ ವಿಷವೆಂದು ತಮ್ಮ ಬೈದರೂ, "ರೀ, ಊದಬೇಡಿ ಅಂತ ಎಷ್ಟು ಸಲ ಹೇಳೋದು?" ಎಂದು ಹೆಂಡತಿ ಗದರಿದರೂ ಕಿವಿಗೆ ಹಾಕಿಕೊಂಡವನಲ್ಲ. ಈ ಗೋಡೆಯಲ್ಲಿ ಪೈಪು ಹೂತು, ಊದಿ, ಎರಡೂ ತುದಿಗಳನ್ನು ಬೆಸುಗೆಯಿಂದ ಮುಚ್ಚಿ ಹೊರಟವನು, ಅಂದೇ ಇನ್ನಾರದೋ ಮಹಡಿಯಿಂದ ಬಿದ್ದು ತೀರಿಕೊಂಡಿದ್ದ. ಆಗ ಮಗು ಇನ್ನೂ ಹೊಟ್ಟೆಯಲ್ಲಿತ್ತು.

ತಮ್ಮ ಮತ್ತೆ ಮಾಪಕದತ್ತ ನೋಡಿದ. ಅರ್ಧಕ್ಕೆ ನಿಂತಿದ್ದ ಮುಳ್ಳು ಮೆಲ್ಲನೆ ಕೆಳಗಿಳಿಯಿತು. ಪಂಪು ನಿಂತಿರುವಾಗ ಮುಳ್ಳು ಏರಬಹುದು, ಇಳಿಯಲಾರದು. ಈ ಕಸುಬಿನಲ್ಲಿ ಅದನ್ನು ಕಂಡವರಿಲ್ಲ. ಇಳಿದದ್ದು ಪುನಃ ಏರಿತು, ಏರಿ ಇಳಿಯಿತು. ಅವನ ದೃಷ್ಟಿ ತಾನಾಗಿಯೇ ತೊಟ್ಟಿಲಿನತ್ತ ಹೊರಳಿತು. ಮಗುವಿನ ಎದೆ ಉಬ್ಬಿದಾಗ ಮುಳ್ಳು ಏರುತ್ತಿತ್ತು, ಕುಗ್ಗಿದಾಗ ಇಳಿಯುತ್ತಿತ್ತು. ಈ ಕಥೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುವುದುಂಟು. ಇಲ್ಲಿಗೆ ಬಂದಾಗ ಮಾತ್ರ ಎಲ್ಲರ ದನಿಯೂ ತಗ್ಗುತ್ತದೆ.

ಇದನ್ನು ಪೂರ್ತಿ ಹೀರಿ ತೆಗೆದರೆ ತೊಟ್ಟಿಲಿನಲ್ಲಿ ಏನುಳಿದೀತು? "ಅತ್ತಿಗೆ, ಈ ಪೈಪು ಇದ್ದ ಹಾಗೇ ಇರ್ಲಿ. ಗೋಡೆ ಮೇಲಿಂದಾನೇ ಹೊಸದು ಎಳೀತೀನಿ."

ಅತ್ತಿಗೆಯೂ ಮುಳ್ಳನ್ನು ನೋಡಿದ್ದಳು. ಪಂಪಿನತ್ತ ಕೈತೋರಿ ಕೇಳಿದಳು: "ಹೀರಿದ್ದೆಲ್ಲ ಎಲ್ಲಿಗೆ ಹೋಗುತ್ತೆ?"

"ಪಂಪಿನ ಬಾಯಿಂದ ಹೊರಗೆ. ಇದೇ ಕೋಣೆಗೆ."

"ಹಾಗಿದ್ರೆ ತೆಗಿ. ಗೋಡೆಯೊಳಗೆ ಎಷ್ಟು ದಿನ ಅಂತ ಇಟ್ಕೊಳ್ಳೋದು? ನಿಮ್ಮಣ್ಣ ಈ ಮಗೂನ ಒಂದು ಸಲಾನೂ ಎತ್ಕೊಂಡಿಲ್ಲ ಕಣೋ."

ಅವಳು ಎದ್ದು ಬಾಗಿಲಿಗೆ ಅಗುಳಿ ಹಾಕಿದಳು. ಹೊರಗಿನ ಪೈಪಿನ ತುದಿಗೆ ಜೋಡಿಸಿದ್ದ ಪಂಪಿನ ಕೊಳವೆ ಹಾದುಹೋಗುವಷ್ಟು ಬಿಟ್ಟು ಕಿಟಕಿಯನ್ನು ಎಳೆದು, ಉಳಿದ ಸಂದಿಗೆ ಮಗುವಿನ ಬಟ್ಟೆ ತುರುಕಿದಳು. ತಮ್ಮ ಪಂಪಿನ ಗುಂಡಿ ಒತ್ತಿದ.

ಮುಳ್ಳು ಜಾರತೊಡಗಿತು. ಜೊತೆಗೇ ಮಗುವಿನ ಎದೆಯೂ ಕುಗ್ಗಿತು, ಮತ್ತೆ ಉಬ್ಬಲಿಲ್ಲ. ಅವನು ಗಾಬರಿಯಿಂದ ಗುಂಡಿಗೆ ಕೈಚಾಚಿದರೆ ಅತ್ತಿಗೆ ಮುಂಗೈ ಹಿಡಿದುಬಿಟ್ಟಳು. ಪಂಪಿನ ಬಾಯಿಂದ ಬೆಚ್ಚನೆಯ ಗಾಳಿಯೊಂದು ಇಬ್ಬರ ಕಾಲನ್ನೂ ಸವರಿಕೊಂಡು ತೊಟ್ಟಿಲಿನತ್ತ ಹೋಯಿತು. ಮುಳ್ಳು ತಳಮುಟ್ಟಿತು. ಪಂಪು ನಿಲ್ಲಿಸಿದ ಮೇಲೂ ಅಲ್ಲಾಡದೆ ನಿಂತಿತು.

ಆ ನಿಶ್ಶಬ್ದದಲ್ಲಿ ತೊಟ್ಟಿಲಿನೊಳಗಿಂದ ಕೆಮ್ಮು ಕೇಳಿಸಿತು. ಸಣ್ಣಗೆ, ಎರಡು ಸಲ. ಬೆನ್ನಿಗೇ, ಅಷ್ಟು ಪುಟ್ಟ ಎದೆಯಲ್ಲಿ ಹಿಡಿಸಲಾರದಷ್ಟು ಉದ್ದನೆಯ ಉಸಿರೊಂದು ಹೊರಬಿದ್ದು, ಹೊದಿಕೆಯ ಅಂಚನ್ನು ಎತ್ತಿ ಇಳಿಸಿತು.

ಅತ್ತಿಗೆ ಬೆಚ್ಚಲಿಲ್ಲ. ಬಗ್ಗಿ ಹೊದಿಕೆ ಸರಿಪಡಿಸುತ್ತ, ತೊಟ್ಟಿಲಿಗೆ ಮಾತ್ರ ಕೇಳುವಂತೆ ಗದರಿದಳು:

"ರೀ, ಊದಬೇಡಿ ಅಂತ ಎಷ್ಟು ಸಲ ಹೇಳೋದು?"