ಏಳನೇ ನೀರು

"ಏಳನೇ ಸಲ ತೊಳೆದ ನೀರಲ್ಲಿ ಸೀಸ ಇಲ್ವಲ್ಲ ಭಾರ್ಗವಿ, ಪಾಸ್ ಅಂತ ಬರೀರಿ," ಎಂದು ಮ್ಯಾನೇಜರ್ ಲಕ್ಷ್ಮೀಶ ರಿಪೋರ್ಟನ್ನು ಅವಳತ್ತ ತಳ್ಳಿದ. ಬಂದರಿನ ಕೊಳಕಿನಲ್ಲಿ ಬೆಳೆದು, ನೈರೋಬಿಯ ಶಾಲಾಮಕ್ಕಳ ಗಂಜಿಗೆ ಸೇರಲಿದ್ದ ಕಡಲಪಾಚಿ ಲ್ಯಾಬಿನ ಮೇಜಿನ ಮೇಲೆ ಬಟ್ಟಲಲ್ಲಿತ್ತು; ಪಕ್ಕದ ಬೀಕರಿನಲ್ಲಿ ಅದನ್ನು ಏಳನೇ ಸಲ ತೊಳೆದ ನೀರು.

"ಪಾಚಿಯಲ್ಲಿದೆಯಲ್ಲ ಸರ್. ಕ್ಯಾಲ್ಸಿಯಂ ಕೂರಬೇಕಾದ ಜಾಗದಲ್ಲಿ ಸೀಸ ಕೂತು ಪಾಚಿಯ ಜೀವಕೋಶದ ಗೋಡೇನೇ ಹಿಡ್ಕೊಂಡಿದೆ. ಬಿಡ್ತಿಲ್ಲ, ಅದಕ್ಕೇ ನೀರು ಕ್ಲೀನು. ಸೊಪ್ಪಿಗೆ ಮೆತ್ತಿದ ಮಣ್ಣಾ ಇದು, ತೊಳೆದ್ರೆ ಹೋಗೋಕೆ?"

ಲಕ್ಷ್ಮೀಶ ಬೀಕರ್ ಎತ್ತಿ ಆ ನೀರನ್ನು ಗಟಗಟನೆ ಕುಡಿದುಬಿಟ್ಟ. "ಏನಾಯ್ತು ನಂಗೆ? ಸೈನ್ ಹಾಕಿ."

ಭಾರ್ಗವಿ ಪಾಚಿಯ ಬಟ್ಟಲನ್ನು ಅವನೆದುರು ಕುಕ್ಕಿ, ಪಕ್ಕದಲ್ಲಿ ಚಮಚ ಇಟ್ಟು, ಪೆನ್ನಿನ ಕ್ಯಾಪ್ ತೆಗೆದಳು. "ಇದನ್ನ ತಿನ್ನಿ. ಹಾಕ್ತೀನಿ."

ಲಕ್ಷ್ಮೀಶ ಕರ್ಚೀಫಿನಿಂದ ತುಟಿ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಚಮಚ ಇಟ್ಟಲ್ಲೇ ಇತ್ತು.