ಗಾಜಿನ ಮೇಲಿನ ಪಾಚಿ

‘ಗುಳುಕ್’ ಎಂಬ ಸಣ್ಣ ಸದ್ದಿಗೆ ಸೊಸೆಗೆ ಎಚ್ಚರವಾಯಿತು. ಗ್ಯಾಸು, ನಲ್ಲಿ, ಬಾಗಿಲ ಚಿಲಕ ಎಲ್ಲವನ್ನೂ ಎರಡೆರಡು ಸಲ ನೋಡಿಯೇ ಮಲಗಿದ್ದಳು. ಆದರೂ ಮನಸ್ಸು ತಡೆಯದೆ ಎದ್ದು ಬಂದಳು. ಹಜಾರದ ಕತ್ತಲಲ್ಲಿ ಮತ್ತೆ ಅದೇ ಸದ್ದು. ಗಾಜಿನ ತೊಟ್ಟಿಯಲ್ಲಿದ್ದ, ಪಾಚಿ ತಿನ್ನುವ ಸಕ್ಕರ್ ಮೀನು ಮೇಲೆ ಬಂದು, ಒಂದು ಗುಟುಕು ಗಾಳಿ ನುಂಗಿ ತಳಕ್ಕಿಳಿಯಿತು. ಇಷ್ಟೇನಾ ಎಂದು ದೀಪದ ಸ್ವಿಚ್ಚಿಗೆ ಕೈಹಾಕುವಷ್ಟರಲ್ಲಿ ಯಾರೋ ಪಿಸುಗುಟ್ಟಿದರು.

“ಮೆಲ್ಲಗೆ ತಿನ್ನೋ. ನಿಂದನ್ನ ಯಾರೂ ಕಿತ್ಕೊಳ್ಳಲ್ಲ.”

ಅತ್ತೆ! ಮಾವ ತೀರಿಕೊಂಡ ಮೇಲೆ ಇಲ್ಲಿಗೆ ಬಂದವರು ಹಗಲೆಲ್ಲ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಮಲಗಿರುತ್ತಿದ್ದರು. ಹೆತ್ತ ಮಗ ಕೇಳಿದರೂ ತಲೆಯಾಡಿಸುವರೇ ಹೊರತು ತುಟಿ ಬಿಚ್ಚಿದ್ದಿಲ್ಲ. ಈಗ ತೊಟ್ಟಿಯ ಮುಂದೆ ನೆಲದ ಮೇಲೆ ಕೂತಿದ್ದರು. ಮೈತುಂಬ ಎಲುಬಿನ ಬಿಲ್ಲೆಗಳ ಕವಚ ತೊಟ್ಟ ಆ ಮೀನೂ ಹಗಲು ಒಡಕು ಮಡಕೆಯಿಂದ ಮೂತಿ ಹೊರಹಾಕುತ್ತಿರಲಿಲ್ಲ. ದೀಪ ಹಾಕಿದರಂತೂ ಮಂಗಮಾಯ. ಬೀದಿದೀಪದ ಮಸುಕಿನಲ್ಲಿ ಅದೀಗ ಸೌತೆಕಾಯಿ ಹೋಳಿಗೆ ಬಾಯಿ ಅಂಟಿಸಿಕೊಂಡು ಕೆರೆಯುತ್ತಿತ್ತು. ಹೋಳು ತೇಲದಿರಲೆಂದು ಚುಚ್ಚಿದ್ದದ್ದು ಸೊಸೆ ಮನೆಯೆಲ್ಲ ಹುಡುಕಿ ಸೋತಿದ್ದ ಫೋರ್ಕು.

“ಅವರೂ ನಿನ್ನ ಹಾಗೇ ಕಣೋ. ತಿರುಳೆಲ್ಲ ತಿಂದು, ಸಿಪ್ಪೇನ ಬಳೆ ಥರ ತಟ್ಟೇಲಿ ಬಿಡೋರು. ಬೈದ್ರೆ ನಗೋರು.”

ಸೊಸೆ ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಸರಿದಳು. “ಗಾಜು ಚೊಕ್ಕ ಮಾಡ್ಲಿ ಅಂತ ತಂದ್ರೆ ಈ ಸೋಮಾರಿ ಪಾಚೀನೇ ಮುಟ್ತಿಲ್ಲ. ನಾಳೆ ಬೆಳಿಗ್ಗೆ ಅಂಗಡಿಗೆ ವಾಪಸ್!” ಎಂದು ಊಟದ ಹೊತ್ತಿಗೆ ಗಂಡ ತೀರ್ಮಾನಿಸಿದ್ದ. ಹೊಟ್ಟೆ ಬಿರಿಯುವಷ್ಟು ಸೌತೆಕಾಯಿ ಸಿಗುವಾಗ ಪಾಚಿ ಯಾರಿಗೆ ಬೇಕು? ಅತ್ತೆಯ ಅಕ್ಕರೆಯೇ ಅದನ್ನು ಮನೆ ಬಿಡಿಸುತ್ತಿತ್ತು. ಗಂಡನಿಗೆ ಹೇಳಿದರೆ ಖುಷಿಗೆ ಮನೆಯ ದೀಪವೆಲ್ಲ ಹಾಕಿ ಅಮ್ಮನನ್ನು ಮಾತಾಡಿಸಲು ಹೊರಡುತ್ತಾನೆ. ಅತ್ತೆಗೆ ಹೇಳಿದರೆ ಅವರು ಮತ್ತೆ ಕೋಣೆ ಬಿಟ್ಟು ಬರಲಿಕ್ಕಿಲ್ಲ.

ಅತ್ತೆ ಒಳಗೆ ಹೋಗಿ ಕೋಣೆಯ ಬಾಗಿಲು ಮುಚ್ಚುವವರೆಗೂ ಕಾದಳು. ಆಮೇಲೆ ಸೆರಗು ಸಿಕ್ಕಿಸಿ, ಪಾತ್ರೆ ಉಜ್ಜದ ಹೊಸ ಸ್ಪಂಜು ಹಿಡಿದು ಕತ್ತಲಲ್ಲೇ ಗಾಜು ತಿಕ್ಕತೊಡಗಿದಳು. ಪಾಚಿ ಬಿಡದ ಕಡೆ ಉಗುರು ಹಾಕಿ ಕೆರೆದಳು. ತೀರಾ ಚೊಕ್ಕವಾದರೆ ಅನುಮಾನ ಬಂದೀತೆಂದು, ಮೀನೇ ಬಿಟ್ಟ ಹಾಗೆ ಅಲ್ಲಲ್ಲಿ ಚೂರು ಹಸಿರು ಉಳಿಸಿದಳು.

ಬೆಳಿಗ್ಗೆ ಬಕೆಟ್ ಹಿಡಿದು ಬಂದ ಗಂಡ ತೊಟ್ಟಿಯ ಮುಂದೆ ನಿಂತೇಬಿಟ್ಟ. “ಏ, ಇಲ್ಲಿ ನೋಡು ಬಾರೇ! ಬೈದಿದ್ದು ನಾಟಿದೆ ಇದಕ್ಕೆ. ರಾತ್ರಿಯೆಲ್ಲ ಓವರ್‌ಟೈಮ್ ಮಾಡಿದೆ! ನಮ್ಮಾಫೀಸಲ್ಲಿ ಇಂಥದ್ದೊಂದು ಇದ್ದಿದ್ರೆ!” ಬಕೆಟ್ಟು ಬಚ್ಚಲಿಗೆ ಮರಳಿತು.

ಸೊಸೆ ಅತ್ತೆಯ ಕೋಣೆಗೆ ಕಾಫಿ ಒಯ್ದಳು. ಲೋಟ ತೆಗೆದುಕೊಂಡ ಅತ್ತೆ ಅವಳ ಕೈ ಬಿಡಲಿಲ್ಲ. ಕಿಟಕಿಯ ಕಡೆ ತಿರುಗಿಸಿ ಬೆರಳುಗಳನ್ನೇ ನೋಡಿದರು.

“ಉಗುರಲ್ಲಿ ಪಾಚಿ ಕೂತಿದೆ,” ಮೆಲ್ಲಗೆ ಅಂದರು. “ಅವನು ನೋಡೋಕ್ಮುಂಚೆ ತೊಳ್ಕೊಳಮ್ಮ.”

“ಅಮ್ಮ ಏನಾದ್ರೂ ಮಾತಾಡಿದ್ಲಾ?” ಹಜಾರದಿಂದ ಗಂಡ ದಿನವೂ ಕೇಳುವಂತೆ ಕೇಳಿದ.

ಅತ್ತೆಯ ತುಟಿ ಆಗಲೇ ಮುಚ್ಚಿತ್ತು. ಸೊಸೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲು ಮುಂದೆ ಮಾಡಿ ಬಂದಳು.

“ಇಲ್ಲ,” ಎಂದಳು. “ಸೌತೆಕಾಯಿ ಖಾಲಿಯಾಗಿದೆ, ಹೊರಗೆ ಹೋದ್ರೆ ಎರಡು ಹೆಚ್ಚಾಗೇ ತನ್ನಿ.”